ಹೆಚ್ಚಿದ ಅಕ್ಕಿ

ಕಾರೆಗುಡ್ಡದ ಕೋಟೆಯನ್ನು ಕಲಿಯರಸ ಮೂವತ್ತೆರಡು ವರ್ಷ ಆಳಿದ. ಮೊದಲು ಅವನೊಬ್ಬ ದಳಪತಿ. ಕೊಳ್ಳೆಗಾರರಿಂದ ಊರು ಕಾಪಾಡಿದನೆಂದು ಜನರೇ ಹೊತ್ತು ತಂದು ಗದ್ದುಗೆಯಲ್ಲಿ ಕೂರಿಸಿದ್ದರು. ಆಗೆಲ್ಲ ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ, "ಏನು ಕೊರತೆ, ಹೇಳಿ" ಎನ್ನುತ್ತಿದ್ದ. ಗದ್ದುಗೆ ಬೆಚ್ಚಗಾಯಿತು ನೋಡಿ, ಕೊರತೆ ಹೇಳಿದವರ ಮೇಲೆ ಸಿಡುಕತೊಡಗಿದ. ಕೊನೆಗೆ ಡಂಗುರವೇ ಹೊಡೆಸಿದ: "ಅರಸರ ಮುಂದೆ ಯಾರೂ 'ಇಲ್ಲ' ಎನ್ನಕೂಡದು. ಅಂದವರಿಗೆ ಗಡೀಪಾರು!"

ಉಗ್ರಾಣ ನೋಡಿಕೊಳ್ಳುತ್ತಿದ್ದ ದೇವೀರಮ್ಮನಿಗೆ ಇದರ ಬಿಸಿ ಚೆನ್ನಾಗಿಯೇ ತಟ್ಟಿತ್ತು. "ಬಾವಿಯಲ್ಲಿ ನೀರಿಲ್ಲ" ಎಂದ ತಪ್ಪಿಗೆ ಅವಳ ಗಂಡ ಗಡಿಯಾಚೆ ಹೋಗಿ ಏಳು ವರ್ಷವಾಗಿತ್ತು. ಒಣಗಿದ ಬಾವಿಯನ್ನು ಇನ್ನೇನೆನ್ನಬೇಕಿತ್ತೋ, ದೇವರೇ ಬಲ್ಲ!

ಒಮ್ಮೆ ನೆರೆಯ ಅರಸ ಕೋಟೆಗೆ ಮುತ್ತಿಗೆ ಹಾಕಿದ. ಎರಡೇ ತಿಂಗಳಲ್ಲಿ ಉಗ್ರಾಣ ತಳ ಕಂಡಿತು. ಬಾಗಿಲಲ್ಲಿ ಮಕ್ಕಳು ತಟ್ಟೆ ಹಿಡಿದು ನಿಲ್ಲತೊಡಗಿದವು. ಅಷ್ಟರಲ್ಲಿ ನೆರೆಯವನ ದೂತ ಬಂದು, "ನಮ್ಮಿಂದ ಕಿತ್ತುಕೊಂಡ ಮೂರು ಹಳ್ಳಿ ಬಿಟ್ಟುಕೊಡಿ, ನಾಳೆಯೇ ಹೊರಡುತ್ತೇವೆ" ಎಂದ.

ಕಲಿಯರಸ ದೇವೀರಮ್ಮನನ್ನು ಕರೆಸಿದ. "ಏನಮ್ಮಾ, ಅಕ್ಕಿ ಹೇಗಿದೆ?"

ಅವಳು ಲೆಕ್ಕ ಹಾಕಿದಳು. ಇಲ್ಲ ಎಂದರೆ ತನಗೆ ಗಡೀಪಾರು, ಇದೆ ಎಂದರೆ ಊರಿಗೆಲ್ಲ ಉಪವಾಸ. ಅಕ್ಕಿ ಮುಗಿದರೆ 'ಇಲ್ಲ' ಎನ್ನುವುದು ಅಶುಭವೆಂದು ಮನೆಯ ಹೆಂಗಸರು 'ಹೆಚ್ಚಿದೆ' ಎನ್ನುವುದುಂಟು. ದೇವೀರಮ್ಮ ಅದನ್ನೇ ಹಿಡಿದಳು.

"ಅಕ್ಕಿ ಹೆಚ್ಚಿದೆ, ಬುದ್ಧಿ."

ಸಭೆಯೆಲ್ಲ ತಲೆ ತಗ್ಗಿಸಿತು. ಅರಸನ ತಾಯಿಯೂ ಹೀಗೇ ಅನ್ನುತ್ತಿದ್ದವಳು. ಆದರೆ ಬರೀ ಹೊಗಳಿಕೆ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದವನಿಗೆ ತಾಯಿಯ ಮಾತು ಎಲ್ಲಿ ನೆನಪಿರಬೇಕು? ಅವನು ಮೀಸೆ ತಿರುವಿದ. "ಕೇಳಿದೆಯಾ ದೂತ? ಅಕ್ಕಿ ಹೆಚ್ಚಾಗಿ ಬಿದ್ದಿದೆಯಂತೆ! ಇನ್ನೊಂದು ವರ್ಷ ಹೀಗೇ ಕೂರುತ್ತೇನೆ, ಹೋಗು."

ದೇವೀರಮ್ಮನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. "ಅಯ್ಯೋ, ಪೂರ್ತಿ ಹೆಚ್ಚಿದೆ ಬುದ್ಧಿ! ತಳ ಕೆರೆದ್ರೂ ಹೆಚ್ಚಿದೆ! ಇಷ್ಟೂ ತಿಳೀಲಿಲ್ಲ..."

"ಏನೆಂದೆ?" ಎಂದ ಅರಸ. ಕಾವಲಿನವರು ಮುಂದೆ ಬಂದರು. ಅವಳು ಬಾಯಿ ಮುಚ್ಚಿಕೊಂಡಳು. ಮಂತ್ರಿ ಒಮ್ಮೆ ಕೆಮ್ಮಿ ರುಮಾಲು ಸರಿಮಾಡಿಕೊಂಡ. ದೂತ ಹೊರಟುಹೋದ.

ಮೂರನೆಯ ದಿನ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಸೈನಿಕರು ಒಬ್ಬೊಬ್ಬರಾಗಿ ಬಂದು, "ಬರ್ತೀವಿ ಬುದ್ಧಿ" ಎಂದು ಕೈಮುಗಿದರು. ಹೊರಡುವಾಗ 'ಹೋಗ್ತೀವಿ' ಎನ್ನುವ ರೂಢಿ ನಮ್ಮಲ್ಲಿ ಎಲ್ಲಿದೆ? ಅರಸ, "ಬನ್ನಿ, ಬೇಗ ಬನ್ನಿ" ಎಂದು ಹರಸಿದ. ಮಂತ್ರಿಯೂ ಬರ್ತೀನೆಂದ. ದೇವೀರಮ್ಮ ಮಕ್ಕಳನ್ನೆಲ್ಲ ಕೂಡಿಕೊಂಡು, ಕೋಟೆ ಬಾಗಿಲಿನ ಅಗುಳಿಯನ್ನು ತಾನೇ ಸರಿಸಿ ಎಲ್ಲರಿಗಿಂತ ಮೊದಲು ಹೊರಬಂದಳು. ಹೊರಗಿನ ಬಿಡಾರದಲ್ಲಿ ಗಂಜಿ ಕುದಿಯುತ್ತಿತ್ತು. ವೈರಿಗಳೇ ಮಕ್ಕಳಿಗೆ ಮೊದಲು ಬಡಿಸಿದರು.

ನೆರೆಯವನ ಪಡೆ ಒಳಹೊಕ್ಕಾಗ ಕಲಿಯರಸ ಖಾಲಿ ಸಭೆಯಲ್ಲಿ ಒಬ್ಬನೇ ಕೂತಿದ್ದ. "ಬರ್ತೀವಿ ಅಂದವರು ಒಬ್ಬರೂ ಬರಲಿಲ್ಲವಲ್ಲ?" ಎಂದು ಅವರನ್ನೇ ಕೇಳಿದನಂತೆ.

ನೀತಿ: ಕಹಿ ಮಾತನ್ನು ಊರು ಬಿಡಿಸಿದವನಿಗೆ ಕೊನೆಗೆ ಸಿಹಿ ಮಾತಿನ ಅರ್ಥವೂ ಆಗದು. ಹೆದರಿ ಸುತ್ತಿಬಳಸಿ ಹೇಳಿದ ನಿಜದಿಂದ ಯಾರ ಹೊಟ್ಟೆಯೂ ತುಂಬದು. 'ಇಲ್ಲ' ಎಂಬ ಮಾತನ್ನು, ಅದು ಕೂಡದೆಂದು ಡಂಗುರ ಹೊಡೆದ ದಿನವೇ ಎಲ್ಲರೂ ಸೇರಿ ಅಂದುಬಿಡಬೇಕು.