ನಲವತ್ತು ಹೆಸರುಗಳ ಹಲಗೆ

ಅಳಿವೆಯ ಕೆಸರಿನಲ್ಲಿ ಇನ್ನೂರು ವರ್ಷ ಹೂತಿದ್ದ ಮರದ ಯುದ್ಧನೌಕೆಯೊಂದು ಒಮ್ಮೆ ಬಯಲಾಯಿತು. ಮೇಲೆತ್ತುವಾಗ ಬಹುಪಾಲು ಮುರಿದುಹೋಯಿತು. ಉಳಿದದ್ದು ಹಡಗಿನ ಮುಂತುದಿಯ ಸಿಂಹದ ಮುಖ ಮತ್ತು ಒಂದು ಉದ್ದನೆಯ ಹಲಗೆ. ಹುಟ್ಟು ಹಾಕುತ್ತಿದ್ದ ನಲವತ್ತು ಮಂದಿಯ ಹೆಸರನ್ನು ಅವರವರ ಮನೆಯ ಹೆಸರಿನೊಂದಿಗೆ ಆ ಹಲಗೆಯಲ್ಲಿ ಕೆತ್ತಿದ್ದರು. ಅವರಲ್ಲಿ ಒಬ್ಬರೂ ಯುದ್ಧದಿಂದ ಮರಳಿರಲಿಲ್ಲ.

ಹಡಗು ಕಟ್ಟುವ ದೇವಣ್ಣಾಚಾರ್ಯರು ಎರಡನ್ನೂ ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಹಕ್ಕಿಯ ಗರಿಯಿಂದ ಕೆಸರು ಬಿಡಿಸಿ, ಒಂದೊಂದೇ ಹೆಸರು ಓದಿ ಓಲೆಯಲ್ಲಿ ಬರೆದಿಡುತ್ತಿದ್ದರು. ಒಂದು ವರ್ಷದಲ್ಲಿ ಹನ್ನೊಂದು ಹೆಸರು ಸಿಕ್ಕವು.

ಮೀನು ಮಾರುವ ಚಿಕ್ಕು ಮರಕಾಲ್ತಿ ಆಗಾಗ ಬಂದು ತೊಟ್ಟಿಯ ಪಕ್ಕ ಕೂರುತ್ತಿದ್ದಳು. ಅವಳ ಮನೆಯಿಂದಲೂ ಒಬ್ಬ ಆ ಹಡಗು ಹತ್ತಿದ್ದ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಹೆಸರು ಹೇಳದೆ ಎಳ್ಳುನೀರು ಬಿಡುವುದು ಹೇಗೆ?

"ಆಚಾರ್ರೇ, ಆಮೆಯಾದ್ರೂ ಇಷ್ಟೊತ್ತಿಗೆ ಗಂಗೊಳ್ಳಿ ಮುಟ್ತಿತ್ತ್. ನಾನ್ ಸತ್ತ್ ಮೇಲೆ ಓದ್ತ್ರಿಯಾ?"

"ಈ ಮರ ನಿನ್ನ ನಾಲಗೆಯಷ್ಟು ಗಟ್ಟಿಯಲ್ಲ ಮಾರಾಯ್ತಿ. ಸತ್ವವೆಲ್ಲ ಹೋಗಿದೆ. ಒಳಗಿನ ನೀರೇ ಇದನ್ನು ಹಿಡಿದು ನಿಲ್ಲಿಸಿದೆ."

ಮಹಾಲಯ ಅಮಾವಾಸ್ಯೆಗೆ ತಿಂಗಳಿರುವಾಗ ಆಚಾರ್ಯರು ಬೇರೊಂದು ಬಂದರಿಗೆ ಹೋಗಬೇಕಾಯಿತು. "ನೀರು ಬದಲಿಸುತ್ತಿರು. ಹಲಗೆ ಮೇಲೆತ್ತಬೇಡ" ಎಂದು ಶಿಷ್ಯ ವಾಮನಾಚಾರಿಗೆ ಹೇಳಿ ಹೋದರು.

ಆ ದಿನಗಳಲ್ಲೇ ಚಿಕ್ಕುವಿನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಅವಳಿರುವಾಗಲೇ ಆ ಹೆಸರು ಓದಿ ಹೇಳಬೇಕು ಎಂದು ವಾಮನನಿಗೆ ಅನ್ನಿಸಿತು. ಇಪ್ಪತ್ತು ವರ್ಷ ಅವನು ದೋಣಿಗಳನ್ನು ದಡಕ್ಕೆಳೆದು, ಬಿಸಿಲಲ್ಲಿ ಒಣಗಿಸಿ, ಮೀನೆಣ್ಣೆ ಹಚ್ಚಿದವನು. ಒಣಗಿದರೆ ಕೆಸರು ತಾನಾಗಿ ಉದುರುತ್ತದೆ, ಎಲ್ಲ ಹೆಸರೂ ಒಮ್ಮೆಗೇ ಕಾಣುತ್ತವೆ ಎಂದುಕೊಂಡ. ಹಲಗೆಯನ್ನೂ ಸಿಂಹವನ್ನೂ ಬಿಸಿಲಿಗೆ ಹಾಕಿದ.

ಮೂರನೆಯ ದಿನ ಸಿಂಹದ ಮುಖ ಹಣೆಯಿಂದ ಗದ್ದದವರೆಗೆ ಸೀಳಿತು. ಹಲಗೆಯ ಕೆಸರು ಉದುರಿತು. ಅಕ್ಷರಗಳೂ ಅದರೊಂದಿಗೇ ಪುಡಿಯಾಗಿ ಉದುರಿದವು.

ಚಿಕ್ಕು ಕೋಲೂರಿಕೊಂಡು ಬಂದಳು. "ನಮ್ಮನೆದ್ ಸಿಕ್ತಾ, ಮಗಾ?"

ಯಾವುದಾದರೊಂದು ಹೆಸರು ಹೇಳಿಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ವಾಮನ ತಲೆ ತಗ್ಗಿಸಿದ. "ಇಲ್ಲ ಅಕ್ಕಾ. ನಾನೇ ಹಾಳು ಮಾಡಿದೆ."

ಅವಳು ಬೈಯಲಿಲ್ಲ. ಒಂದು ಹಿಡಿ ಮರದ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಅಮಾವಾಸ್ಯೆಗೆ ಎರಡು ದಿನವಿರುವಾಗ ತೀರಿಕೊಂಡಳು.

ಮರಳಿ ಬಂದ ಆಚಾರ್ಯರು ಹನ್ನೊಂದು ಹೆಸರಿನ ಓಲೆಯನ್ನೂ ಬರೆಯುವ ಕಂಟವನ್ನೂ ಶಿಷ್ಯನ ಮುಂದಿಟ್ಟರು.

"ಉಳಿದ ಇಪ್ಪತ್ತೊಂಬತ್ತು ಯಾಕೆ ಓದಲಾಗಲಿಲ್ಲ ಅಂತ ಮುಂದಿನವರು ಕೇಳ್ತಾರೆ. ನಿನ್ನ ಕೈಯಿಂದಲೇ ಬರೆ. ಕೆಳಗೆ ನಿನ್ನ ಹೆಸರೂ ಇರಲಿ."

ವಾಮನ ಬರೆದ.

ನೀತಿ: ಹಳೆಯದನ್ನು ಉಳಿಸಲು ಕನಿಕರ ಸಾಲದು, ಬೇರೆ ಕಡೆ ಕಲಿತ ಕಸುಬೂ ಸಾಲದು. ಆ ವಸ್ತುವಿನ ಸ್ವಭಾವ ತಿಳಿದು, ಅದು ಕೇಳಿದಷ್ಟು ಕಾಲ ಕೊಡಬೇಕು. ಅವಸರದಲ್ಲಿ ಕಳೆದದ್ದು ಪಶ್ಚಾತ್ತಾಪದಿಂದ ಮರಳುವುದಿಲ್ಲ. ಆದರೂ ತಪ್ಪನ್ನು ಸುಳ್ಳಿನಿಂದ ಮುಚ್ಚದೆ ಬರೆದಿಡಬೇಕು, ಮಕ್ಕಳೇ. ಮುಂದಿನವರಿಗೆ ಕೊಡಲು ಕೆಲವೊಮ್ಮೆ ಅಷ್ಟೇ ಉಳಿದಿರುತ್ತದೆ.