ಕರಿಯಕ್ಕನ ತಳಗಂಟು

"ಬುದ್ಧಿ, ಮೂಳೆ ಕೂರಿಸೋ ವಿದ್ಯೆ ಕಲಿಯಕ್ಕೆ ನಾನು ಅರ್ಧ ಆಯಸ್ಸು ಸವೆಸಿದೀನಿ. ಮೊನ್ನೆ ಬಂದ ಹುಡುಗ್ರಿಗೆ ಅದನ್ನ ಯಾಕೆ ಹೇಳಿಕೊಡ್ಬೇಕು?" ಅಂತ ಶಿಷ್ಯ ಮಹಲಿಂಗ ತನ್ನ ಗುರು ಅಜ್ಜಯ್ಯನ್ನ ಕೇಳಿದ.

ಅಜ್ಜಯ್ಯ ಬೈಯಲೂ ಇಲ್ಲ, ನಗಲೂ ಇಲ್ಲ. ಒಂದು ಕತೆ ಹೇಳಿದ್ರು.

ಗುಡ್ಡದ ಬುಡದಲ್ಲಿ ಒಂದೂರು. ಆ ಊರ ಹೆಂಗಸ್ರಿಗೆ ಗುಡ್ಡದ ಕಾಡು ಕತ್ತಾಳೆನೇ ಅನ್ನ. ಪಟ್ಟೆ ಕೊಯ್ದು ತರೋರು, ಕೆರೇಲಿ ಕೊಳೆಹಾಕೋರು, ಮೂಗು ಮುಚ್ಕೊಂಡು ಕಲ್ಲಿಗೆ ಬಡಿದು ನಾರು ತೆಗಿಯೋರು. ಆ ನಾರನ್ನ ತೊಡೆ ಮೇಲೆ ಹೊಸೆದು, ಗಂಟಿಗೆ ಗಂಟು ಸೇರಿಸ್ಕೊಂಡು ಬಲೆಯಂಥ ಚೀಲ ಮಾಡೋರು. ಸಂತೆಗೆ ಹೋಗೋ ಚೀಲಕ್ಕೆ ಎಲ್ರದ್ದೂ ಒಂದೇ ಗಂಟು. ಮನೆ ಬಳಕೆ ಚೀಲಕ್ಕೆ ಮಾತ್ರ ತಳದಲ್ಲಿ ಹಾಕೋ ಮೊದಲ ಗಂಟು ಮನೆಗೊಂದು ಥರ. ಗುಡ್ಡದ ಮೇಲೆ ಚೀಲ ಅದಲುಬದಲಾದ್ರೆ ತಳ ತಿರುಗಿಸಿ ನೋಡಿ, "ಇದು ನಂದು" ಅಂತ ಎತ್ಕೊಳ್ಳೋರು. ಯಾರ ಗಂಟು ಅಂತ ಜಗಳ ಬಂದ್ರೆ, ಆ ಗಂಟಿನೋಳು ಹೇಳಿದ್ದೇ ಕೊನೆ ಮಾತು. ಅದು ಅಲ್ಲಿನ ಕಟ್ಟಳೆ.

ಆ ಊರಲ್ಲಿ ಕರಿಯಕ್ಕ ಅಂತ ಒಬ್ಬಳು. ಅವಳ ತಳಗಂಟು ಎಲ್ಲಿ ಶುರು, ಎಲ್ಲಿ ಕೊನೆ, ಯಾರಿಗೂ ತಿಳಿಯಂಗಿರಲಿಲ್ಲ. ಗಂಟು ಸಣ್ಣದು, ಅದರ ಮೇಲಿನ ಜಂಬ ಗುಡ್ಡದಷ್ಟು. ಯಾರಾದ್ರೂ ಕೆಂಡ ಕೇಳಕ್ಕೆ ಅಂಗಳಕ್ಕೆ ಕಾಲಿಟ್ರೆ ಸಾಕು, ಬೆನ್ನು ತಿರುಗಿಸಿ ಕೂರೋಳು. ಬೇರೆ ಮನೆಗಳಲ್ಲಿ ಅತ್ತೆಯಾದೋಳು ಸೊಸೆಗೆ ಕಲಿಸ್ತಾಳೆ. ಇವಳು ಸೊಸೆಗೂ ಕಲಿಸ್ಲಿಲ್ಲ. "ನಾನು ಸತ್ತ ದಿನ ಈ ಗಂಟೂ ಸಾಯ್ಲಿ" ಅನ್ನೋಳು.

ಪಕ್ಕದ ಮನೆ ನಿಂಗಿ ಮದುವೆಯಾಗಿ ಬಂದ ಹೊಸದ್ರಲ್ಲಿ, "ದೊಡ್ಡವ್ವಾ, ಒಂದ್ಸಲ ತೋರ್ಸು" ಅಂತ ಕೇಳಿದ್ಲು.

"ಮೊದ್ಲು ಮುದ್ದೆ ಕಟ್ಟೋದು ಕಲಿ ಹೋಗೇ. ನಿನ್ ಗಂಡ ಅದನ್ನ ನುಂಗಕ್ಕಾಗ್ದೆ ಬೀದೀಲಿ ನಿಂತು ಬಿಕ್ಕಳಿಸ್ತಾನೆ" ಅಂತ ಅಟ್ಟಿದ್ಲು ಕರಿಯಕ್ಕ.

ಹಿಂಗಿರುವಾಗ ಗೌಡ್ರ ಗೂಡಿಂದ ಮೊಟ್ಟೆ ಇಡೋ ಕೋಳಿಗಳು ಕಳುವಾದ್ವು. ಬೇಲಿ ಮುಳ್ಳಿಗೆ ಒಂದು ನಾರಿನ ಚೀಲ ಸಿಕ್ಕಿಕೊಂಡಿತ್ತು, ಒಳಗೆಲ್ಲ ಕೋಳಿ ಪುಕ್ಕ. ತಳ ತಿರುಗಿಸಿದ್ರು. ಕರಿಯಕ್ಕನ ಗಂಟು.

ಪಂಚಾಯ್ತಿ ಸೇರ್ತು. ಕದ್ದಿದ್ದು ಇವಳೇ ಅಂತಾದ್ರೆ ಇನ್ಮೇಲೆ ಗುಡ್ಡದ ಕತ್ತಾಳೆಗೆ ಇವಳು ಕುಡುಗೋಲು ಹಾಕಂಗಿಲ್ಲ ಅಂತ ಹಿರೀಕರು ಮೊದಲೇ ಹೇಳಿದ್ರು. ಕತ್ತಾಳೆ ಇಲ್ಲ ಅಂದ್ರೆ ಒಲೆ ಉರಿಯಲ್ಲ. ಅದು ಅವಳಿಗೂ ಗೊತ್ತು.

ಚೀಲ ಅವಳ ಕೈಗೆ ಕೊಟ್ರು. ಮುಟ್ಟಿದ ತಕ್ಷಣ ತನ್ನದಲ್ಲ ಅಂತ ಗೊತ್ತಾಯ್ತು. ಹೊಸೆತ ಸಡಿಲ, ನಾರು ಸರಿಯಾಗಿ ಕೊಳೆತಿಲ್ಲ. ಗಂಟು ಮಾತ್ರ ತನ್ನದೇ. ಅಂದ್ರೆ ಯಾರೋ ಕಲ್ತುಬಿಟ್ಟಿದಾರೆ. ಕಳ್ಳಿ ಅನ್ನಿಸಿಕೊಂಡಿದ್ದಕ್ಕಿಂತ ಅದು ಅವಳ ಹೊಟ್ಟೆಗೆ ಹೆಚ್ಚು ಬೆಂಕಿ ಹಾಕ್ತು.

"ಗಂಟು ನಂದೇ. ಚೀಲ ನಂದಲ್ಲ" ಅಂದ್ಳು. ಜನ ನಕ್ಕರು.

"ಹಂಗಾದ್ರೆ ಈ ಗಂಟು ಬೇರೆ ಯಾರಿಗಾದ್ರೂ ಬರುತ್ತೇನಮ್ಮಾ?" ಅಂತ ಗೌಡ್ರು ಕೇಳಿದ್ರು.

ಬರುತ್ತೆ ಅಂದಿದ್ರೆ ಅಲ್ಲಿಗೇ ಮುಗೀತಿತ್ತು. ನಾಲಿಗೆ ಆ ಕಡೆ ಹೊರಳಲಿಲ್ಲ. "ಯಾರಿಗೂ ಬರಲ್ಲ" ಅಂದ್ಳು.

ಆಗ ಹೆಂಗಸ್ರ ಗುಂಪಿಂದ ನಿಂಗಿ ಎದ್ದು ಬಂದ್ಳು. ಬಾಣಂತನಕ್ಕೆ ತವರಿಗೆ ಹೋಗಿದ್ದೋಳು, ಕಳುವಾದ ಮೇಲೇ ಊರಿಗೆ ಬಂದಿದ್ದು. ಅವಳ ಮೇಲೆ ಬೆರಳು ಮಾಡೋ ಹಂಗಿರಲಿಲ್ಲ.

"ನಂಗೆ ಬರುತ್ತೆ ಗೌಡ್ರೇ. ದೊಡ್ಡವ್ವ ತಿಪ್ಪೆಗೆ ಎಸೆದ ಹರಕು ಚೀಲ ಬಿಚ್ಚಿ ಬಿಚ್ಚಿ ಕಲ್ತೆ. ಮುದ್ದೆ ಕಟ್ಟಕ್ಕೆ ಬರದೋಳಿಗೇ ಬಂದ್ಮೇಲೆ ಇನ್ಯಾರಿಗಾದ್ರೂ ಬಂದಿರುತ್ತೆ" ಅಂದ್ಳು. ಕೂಸನ್ನ ಪಕ್ಕದೋಳ ಕೈಗೆ ಕೊಟ್ಟು, ಎಲ್ರ ಎದುರಿಗೇ ಕೂತು ಗಂಟು ಹಾಕಿದ್ಲು.

ನೋಡಕ್ಕೆ ಹಂಗೇ ಇತ್ತು. ಆದ್ರೆ ಕಟ್ಟಳೆ ಕಟ್ಟಳೆನೇ. ಗೌಡ್ರು ಅದನ್ನ ಕರಿಯಕ್ಕನ ಕೈಗೆ ಕೊಟ್ರು. "ನೀನೇ ಹೇಳಮ್ಮ. ಇದು ನಿನ್ನ ಗಂಟೇನಾ? ಹೌದು ಅನ್ನು, ಎದ್ದು ಮನೆಗೆ ಹೋಗು."

ಕರಿಯಕ್ಕ ಅದನ್ನ ಬೆಳಕಿಗೆ ಹಿಡಿದ್ಲು. ತಿರುಗಿಸಿದ್ಲು. ಉಗುರು ತೂರಿಸಿ ಎಳೆದು ನೋಡಿದ್ಲು. ನಿಂಗಿ ಕೂಸು ಹಸಿದು ಅಳ್ತಾ ಇತ್ತು.

"ಇದು ನನ್ನ ಗಂಟಲ್ಲ" ಅಂದ್ಳು.

ಪಂಚಾಯ್ತಿ ಎದ್ದು ಹೋಯ್ತು. ಆಮೇಲೆ ಕರಿಯಕ್ಕ ಗುಡ್ಡ ಹತ್ತಲಿಲ್ಲ. ಕಂಡೋರ ಮನೆ ಕಸ ಮುಸುರೆ ಮಾಡ್ಕೊಂಡು ದಿನ ತಳ್ಳಿದ್ಲು. ಗಂಟು ಅವಳ ಕೈಯಲ್ಲೇ ಇತ್ತು, ಹಾಕಕ್ಕೆ ನಾರಿರಲಿಲ್ಲ.

ಅಜ್ಜಯ್ಯ ಅಲ್ಲಿಗೆ ನಿಲ್ಲಿಸಿದ್ರು. ಮಹಲಿಂಗನಿಗೆ ತಡೆಯಕ್ಕಾಗ್ಲಿಲ್ಲ.

"ಅಲ್ಲ ಬುದ್ಧಿ, ಆ ನಿಂಗಿ ಗಂಟಲ್ಲಿ ಅಂಥದ್ದೇನು ತಪ್ಪಿತ್ತು?"

"ಕರಿಯಕ್ಕನದಕ್ಕಿಂತ ಚೆಂದ ಇತ್ತಪ್ಪ, ಅದಕ್ಕೇ ಅವಳು ಅಲ್ಲ ಅಂದಿದ್ದು."