ಐಸ್ ಕಾರ್ಖಾನೆಯ ಬಚ್ಚನೂ ಕೆಂಪು ದೀಪವೂ

ಬಂದರಿನ ಬಳಿ ಚಂದಕ್ಕ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಬಚ್ಚ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದರಲ್ಲಿ ಏಳು ಬಂದರಿಗೂ ಅವನೊಬ್ಬನೇ! ಹಾಲು ನೋಡಿಕೋ ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ.

"ಇವನನ್ನು ಏನು ಮಾಡಲಿ ಅಣ್ಣಯ್ಯಾ?" ಅಂತ ಚಂದಕ್ಕ ಅಣ್ಣ ಮಾಲಿಂಗನ ಮುಂದೆ ಕಣ್ಣೊರೆಸಿಕೊಂಡಳು. ಮಾಲಿಂಗ ಐಸ್ ಕಾರ್ಖಾನೆಯ ಮೇಸ್ತ್ರಿ. ಅಲ್ಲಿಯ ಮೋಟರು ಅಂತಿಂಥದ್ದಲ್ಲ. ಅದು ಸೀನಿದರೆ ಲಂಗರು ಹಾಕಿದ ದೋಣಿಗಳೂ ಊರು ಬಿಡುತ್ತಿದ್ದವು! ಅದನ್ನು ಮೆಲ್ಲಗೆ ಎಬ್ಬಿಸಲಿಕ್ಕೆ ಗೋಡೆಯಲ್ಲೊಂದು ಪೆಟ್ಟಿಗೆ, ಸಾಫ್ಟ್ ಸ್ಟಾರ್ಟರ್. ಹೊರಗೆ ಎಲ್ಲೇ ಏನೇ ಕೆಟ್ಟರೂ ತಂತಿಗಳು ಅದಕ್ಕೆ ಚಾಡಿ ಹೇಳುತ್ತಿದ್ದವು. ಕೂಡಲೇ ಕೆಂಪು ದೀಪ, ಮೋಟರು ಬಂದ್!

"ಶನಿವಾರದೊಳಗೆ ನಿಂತ ಮೋಟರನ್ನು ಒಂದೇ ಒಂದು ಸಲ ನೀನೇ ಎಬ್ಬಿಸು, ಕೆಲಸ ಕಾಯಂ. ಇಲ್ಲದಿದ್ದರೆ ಮನೆಗೆ. ಕೆಂಪು ದೀಪ ಬಂದರೆ ರೀಸೆಟ್ ಒತ್ತು," ಅಂತ ಮಾಲಿಂಗ ಮಾವ ಬಚ್ಚನನ್ನು ಕೆಲಸಕ್ಕೆ ಹಚ್ಚಿದ.

ಬುಧವಾರ ಕೆಂಪು ದೀಪ ಬಂತು. ಬಚ್ಚ ರೀಸೆಟ್ ಒತ್ತಿದ. ಒತ್ತಿದ, ಒತ್ತಿದ, ಮಧ್ಯಾಹ್ನದವರೆಗೂ ಒತ್ತಿದ! ಮಾವ ಬಂದು ನೋಡಿದರೆ ಗೋಡೆಯ ಸ್ಟಾಪ್ ಬಟನ್ನಿನ ಮೇಲೆ ಉಪ್ಪಿನ ಮೂಟೆ ಒರಗಿದೆ.

"ಅಯ್ಯೋ ಪೆದ್ದೇ! ದೋಷ ಪೆಟ್ಟಿಗೆಯಲ್ಲಿಲ್ಲ, ಹೊರಗಿದೆ! ಗೋಡೆಗೆ ಒರಗಿದ್ದನ್ನು ಎತ್ತಿ ಆಚೆ ಹಾಕಬೇಕಿತ್ತು!"

"ಆಯ್ತು ಮಾವ!"

ಗುರುವಾರ ಮತ್ತೆ ಕೆಂಪು ದೀಪ. ಊಟ ಮುಗಿಸಿ ಗೋಡೆಗೆ ಒರಗಿ ತೂಕಡಿಸುತ್ತಿದ್ದವನು ಯಾರು? ಮಾವನೇ! ಬಚ್ಚ ಅವನನ್ನು ಎತ್ತಿದ, ಅಂಗಳದಲ್ಲಿ ಹಾಕಿದ.

"ಹಾಳಾದವನೇ! ಮೋಟರು ನಿಂತದ್ದು ಐಸ್ ಟ್ಯಾಂಕಿನ ನೀರು ಇಳಿದು! ನಾಲ್ಕು ಕೊಡ ನೀರು ಹುಯ್ಯಬೇಕಿತ್ತು!"

"ಆಯ್ತು ಮಾವ!"

ಶುಕ್ರವಾರ ಮತ್ತೆ ಕೆಂಪು ದೀಪ. ಬಚ್ಚ ನಾಲ್ಕು ಕೊಡ ನೀರು ತಂದ. ದೋಷ ಹೊರಗಿದೆಯಲ್ಲ, ಹೊರಗೇ ಹುಯ್ದ. ಹೊರಗೆ ಅಮ್ಮ ಒಣಮೀನು ಹರವಿದ್ದಳು.

"ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನ ಮೀನಿಗೇ ಸ್ನಾನ ಮಾಡಿಸಿದೆಯಲ್ಲೋ!"

ಮಾವ ಹುಡುಕಿದ. ಟ್ಯಾಂಕಿನ ತಂತಿಯನ್ನು ಇಲಿ ಕಡಿದಿತ್ತು. "ನೋಡಿಕೋ! ಬಿಟ್ಟು ನಿಂತ ಎರಡನ್ನೂ ಹತ್ತಿರ ತಂದು ಬಿಗಿಯಾಗಿ ಕಟ್ಟಬೇಕು. ಆಗಲೇ ಮೋಟರು ಏಳುವುದು."

"ಆಯ್ತು ಮಾವ!"

ಶನಿವಾರ ಸಂಜೆಯಾಗುತ್ತ ಬಂತು. ಮೋಟರಿನ ಬೆಲ್ಟಿಗೆ ಕಾವಲಿದ್ದ ಜಾಲರಿ ಬಾಗಿಲು ಅರೆ ತೆರೆದುಕೊಂಡಿತು; ಅದು ತೆರೆದರೂ ಮೋಟರು ಬಂದ್. ಕೆಂಪು ದೀಪ!

ಬಾಗಿಲಿನ ಈಚೆ ಅಮ್ಮ: "ಇನ್ನೊಂದು ವಾರ ಇಟ್ಟುಕೋ ಅಣ್ಣಯ್ಯಾ!"

ಆಚೆ ಮಾವ: "ಇವನನ್ನಾ? ನಾಳೆಯಿಂದ ಬೇಡವೇ ಬೇಡ!"

ಬಚ್ಚ ಆಚೆ ನೋಡಿದ, ಈಚೆ ನೋಡಿದ. ಓಹೋ, ಬಿಟ್ಟು ನಿಂತಿರುವುದು ಇವೆರಡೇ! ತಂತಿ ತಂದ. ಅಮ್ಮನ ಕೈಯನ್ನೂ ಮಾವನ ಕೈಯನ್ನೂ ಸೇರಿಸಿ ಏಳು ಸುತ್ತು ಸುತ್ತಿದ.

"ಬಿಡೋ!"

"ಬಿಚ್ಚೋ!"

ಇಬ್ಬರೂ ಎಳೆದಾಡಿದರು. ಮಾವನ ಸೊಂಟ ತಾಗಿ ಜಾಲರಿ ಬಾಗಿಲು ಟಪ್ಪಂತ ಮುಚ್ಚಿತು. ಬಚ್ಚ ರೀಸೆಟ್ ಒತ್ತಿ ಸ್ಟಾರ್ಟ್ ಒತ್ತಿದ. ಗುಂಯ್ಯ್! ಮೋಟರು ಎದ್ದಿತು!

"ಎಬ್ಬಿಸಿದ! ನನ್ನ ಮಗನೇ ಎಬ್ಬಿಸಿದ!" ಚಂದಕ್ಕ ಕಟ್ಟಿದ ಕೈಯಲ್ಲೇ ಕುಣಿದಳು; ಜೊತೆಗೆ ಮಾವನೂ ಕುಣಿಯಬೇಕಾಯಿತು.

"ಕೆಲಸ ಕಾಯಂ ಮಾರಾಯ, ಕಾಯಂ! ಮೊದಲು ಇದನ್ನು ಬಿಚ್ಚು!"

ಬಚ್ಚ ಗಾಬರಿಯಿಂದ ಇಬ್ಬರ ಮುಂದೆ ಕೈ ಅಡ್ಡ ಹಿಡಿದ.

"ಬಿಚ್ಚುವುದಾ? ಮೋಟರು ನಿಲ್ಲುತ್ತದೆ ಮಾವ! ಮುಂದಿನ ಶನಿವಾರದವರೆಗೆ ಅಲ್ಲಾಡಬೇಡಿ, ಊಟ ಇಲ್ಲಿಗೇ ತರುತ್ತೇನೆ!"